ಹಳೇ ಮೌಂಟನ್ ಬೈಕ್ ತಗೊಳ್ಳಲಾ?
ತುರಹಳ್ಳಿ ಕಾಡಿನ ಕಲ್ಲುದಾರಿಯಲ್ಲಿ ಸೈಕಲ್ ಓಡಿಸಲು ಬರುವ ಹುಡುಗರು ಹಳೇ ಮೌಂಟನ್ ಬೈಕ್ ನೋಡಿ ಬಂದು, ‘ತಗೊಳ್ಳಲಾ ಅಣ್ಣ?’ ಎಂದರೆ ನಾನು ಮೊದಲು ಕೇಳುವುದು ಫ್ರೇಮಿನ ಬಗ್ಗೆ. ಹ್ಯಾಂಡಲ್ ಕೆಳಗೆ, ಪೆಡಲ್ ಬುಡದಲ್ಲಿ ವೆಲ್ಡಿಂಗ್ ಪಕ್ಕದ ಮಣ್ಣು ಒರೆಸಿ ಟಾರ್ಚ್ ಹಾಕಿ ನೋಡಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಆಮೇಲೆ ಚೈನು. ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟರೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ನಡುವಿಗೇ ಬರಬೇಕು. ಇಂಚಿನ ಎಂಟನೇ ಒಂದು ಭಾಗ ಜರುಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುವುದೇ ಹೆಚ್ಚು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ರಿಪೇರಿಗೆ ಎಷ್ಟಾಗುತ್ತದೆಂದು ಮೆಕ್ಯಾನಿಕ್ ಬಳಿ ವಿಚಾರಿಸಿಯೇ ಮಾತು ಮುಂದುವರಿಸಿ.

26 ಇಂಚಿನ ಚಕ್ರವೆಂದು ಮೂಗು ಮುರಿಯಬೇಡಿ. ಹೊಸ ಬೈಕುಗಳು 29ಕ್ಕೆ ಹೋಗಿದ್ದರೂ 26ರ ಟೈರು, ಟ್ಯೂಬು ಈಗಲೂ ಸಿಗುತ್ತವೆ.