ನೀರನ್ನು ಒಲ್ಲದ ಪಾಲಿಮರ್

ತಾವರೆಯ ಎಲೆಯ ಮೇಲೆ ನೀರಿನ ಹನಿ ಅಂಟದೆ ಉರುಳುವುದು ಸರ್ವವಿದಿತ. ಸಂಸಾರದಲ್ಲಿದ್ದೂ ನಿರ್ಲಿಪ್ತನಾಗಿರುವವನಿಗೆ ಹಿರಿಯರು ಕೊಟ್ಟ ಹೋಲಿಕೆಯೂ ಇದೇ. ಆದರೆ ಮನುಷ್ಯನಿಗೆ ಭೂಷಣವೆನಿಸುವ ಈ ಗುಣವು ರಕ್ತಪರೀಕ್ಷೆಯ ಸೂಕ್ಷ್ಮ ಸಾಧನಗಳಿಗೆ ದೊಡ್ಡ ತೊಡಕು.

ಒಂದೇ ಹನಿ ರಕ್ತವನ್ನು ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ಹರಿಸಿ ಪರೀಕ್ಷಿಸುವ ಫಲಕಗಳುಂಟು. ಸಿಲಿಕೋನ್ ರಬ್ಬರಿನ ಜಾತಿಯ ಪಿ.ಡಿ.ಎಂ.ಎಸ್. ಎಂಬ ಪಾಲಿಮರಿನಿಂದ ಇವನ್ನು ಶೀಘ್ರವಾಗಿ ಎರಕ ಹೊಯ್ಯುವ ವಿಧಾನವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದರು. ಈ ವಸ್ತು ಪಾರದರ್ಶಕ, ಮೃದು. ಕೊರತೆಯೆಂದರೆ ಅದು ನೀರನ್ನು ಒಲ್ಲದು. ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನವು 90 ಡಿಗ್ರಿಗಿಂತ ಕಡಿಮೆಯಿದ್ದರೆ ದ್ರವವು ತಾನಾಗಿಯೇ ಕಾಲುವೆಯೊಳಕ್ಕೆ ಸಾಗುತ್ತದೆ. ಹೆಚ್ಚಿದ್ದರೆ ಬಾಗಿಲಲ್ಲೇ ನಿಲ್ಲುತ್ತದೆ. ಪಿ.ಡಿ.ಎಂ.ಎಸ್. ಮೇಲೆ ಈ ಕೋನ ಸುಮಾರು 110 ಡಿಗ್ರಿ.

ಪರಿಹಾರವೇನು? ವಿದ್ಯುತ್ ಶಕ್ತಿಯಿಂದ ಉದ್ರೇಕಗೊಂಡ ಆಮ್ಲಜನಕಕ್ಕೆ, ಅಂದರೆ ಪ್ಲಾಸ್ಮಾಕ್ಕೆ, ಫಲಕವನ್ನು ಅಲ್ಪಕಾಲ ಒಡ್ಡುತ್ತಾರೆ. ಮೇಲ್ಮೈಯ ಮೀಥೈಲ್ ಗುಂಪುಗಳು ತೊಲಗಿ, ನೀರಿಗೆ ಪ್ರಿಯವಾದ ಹೈಡ್ರಾಕ್ಸಿಲ್ ಗುಂಪುಗಳು ಅಲ್ಲಿ ನೆಲೆಸುತ್ತವೆ. ಆಗ ಹನಿಯು ತೆಳ್ಳಗೆ ಹರಡಿಕೊಳ್ಳುತ್ತದೆ.

ಆದರೆ ಈ ಜಲಸ್ನೇಹವು ಶಾಶ್ವತ ಠೇವಣಿಯಲ್ಲ, ಅಲ್ಪಾವಧಿಯ ಸಾಲ. ಒಳಗಿರುವ ಕಿರು ಅಣುಸರಪಳಿಗಳು ಮೆಲ್ಲನೆ ಮೇಲಕ್ಕೆ ಬಂದು, ಗಾಳಿಯಲ್ಲಿಟ್ಟ ಫಲಕವು ಕೆಲವು ಗಂಟೆ ಅಥವಾ ದಿನಗಳಲ್ಲಿ ಹಳೆಯ ಸ್ವಭಾವಕ್ಕೆ ಮರಳತೊಡಗುತ್ತದೆ. ಆದುದರಿಂದ ಕೆಲವರು ಅದನ್ನು ನೀರಿನಲ್ಲಿಯೇ ಮುಳುಗಿಸಿಡುತ್ತಾರೆ. ಇನ್ನು ಕೆಲವರು ಪಾಲಿಎಥಿಲೀನ್ ಗ್ಲೈಕಾಲ್‌ನಂತಹ ಜಲಸ್ನೇಹಿ ಸರಪಳಿಗಳನ್ನು ಮೇಲ್ಮೈಗೆ ರಾಸಾಯನಿಕವಾಗಿ ಬೆಸೆಯುತ್ತಾರೆ.

ಇದು ಕೇವಲ ಪ್ರಯೋಗಶಾಲೆಯ ಚಿಂತೆಯಲ್ಲ. ಮಧುಮೇಹಿಗಳು ಮನೆಯಲ್ಲಿ ಬಳಸುವ ಅನೇಕ ಪರೀಕ್ಷಾಪಟ್ಟಿಗಳು ಬೇರೆ ಜಾತಿಯ ಪ್ಲಾಸ್ಟಿಕ್ಕಿನವಾದರೂ ತತ್ತ್ವ ಒಂದೇ. ಸಂದಿನ ಮೇಲಿನ ಜಲಸ್ನೇಹಿ ಹೊದಿಕೆಯಿಂದಾಗಿ 1 ಮೈಕ್ರೊಲೀಟರಿನಷ್ಟು ರಕ್ತವೂ ಕ್ಷಣಮಾತ್ರದಲ್ಲಿ ಒಳಸೇರುತ್ತದೆ. ಇನ್ಸುಲಿನ್ ಪ್ರಮಾಣವನ್ನು ಆ ಅಂಕಿಯನ್ನು ನೋಡಿಯೇ ನಿರ್ಧರಿಸುವವರಿಗೆ ಅಲ್ಲಿ ತಪ್ಪಾದರೆ ಪ್ರಾಣಕ್ಕೇ ಸಂಚಕಾರ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಪಟ್ಟಿಯ ಅಂಚನ್ನು ಹನಿಗೆ ತಾಗಿಸಬೇಕು, ರಕ್ತವನ್ನು ಬಳಿಯಬಾರದು. ಸಂದು ತುಂಬದಿದ್ದರೆ ಹೊಸ ಪಟ್ಟಿಯಲ್ಲಿ ಪುನಃ ಪರೀಕ್ಷಿಸುವುದು ಕ್ಷೇಮ. ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ. ಅವಧಿ ಮುಗಿದ ಪಟ್ಟಿ ಬೇಡ.

ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರದ ಮೇಲೆ ಎಷ್ಟೋ ಮನೆಗಳ ನೆಮ್ಮದಿ ನಿಂತಿದೆ.