ಬಿಸಿಲು, ಚರ್ಮದ ಅರ್ಬುದ ಮತ್ತು ಲೈಂಗಿಕ ಅಲ್ಪಸಂಖ್ಯಾತರು

"ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಬಿಸಿಲು ಕಂಡರೆ ಕೊಡೆ ಬಿಚ್ಚುವುದು, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವುದು, ಹೊಲದಲ್ಲಿ ದುಡಿಯುವವನು ತಲೆಗೆ ವಲ್ಲಿ ಸುತ್ತುವುದು ನಮಗೆ ಸಹಜ ಅಭ್ಯಾಸ. ಆದುದರಿಂದ ದುಡ್ಡು ಕೊಟ್ಟು, ಕೋಣೆಯೊಳಗೆ ಮಲಗಿ, ದೀಪದ ಕಿರಣಗಳಿಂದ ಮೈಯನ್ನು ಕಂದು ಮಾಡಿಕೊಳ್ಳುವ ಜನರೂ ಉಂಟೆಂದರೆ ನಮ್ಮ ಅಜ್ಜಿಯರು ನಗದೆ ಇರಲಾರರು. ಆದರೆ ಅಮೆರಿಕದಲ್ಲಿ ಇದೊಂದು ವ್ಯಾಪಾರ. ಈ ವ್ಯಾಪಾರಕ್ಕೂ, ಚರ್ಮದ ಅರ್ಬುದಕ್ಕೂ, ಅಲ್ಲಿಯ ಲೈಂಗಿಕ ಅಲ್ಪಸಂಖ್ಯಾತರಿಗೂ ಏನು ಸಂಬಂಧವೆಂಬುದು ಇತ್ತೀಚಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆಳಕಿಗೆ ಬಂದಿದೆ. ಅದನ್ನು ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಚರ್ಮದ ವಿಚಾರ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಚರ್ಮದ ಜೀವಕೋಶಗಳನ್ನು ಹೊಕ್ಕು ಅವುಗಳ ಡಿ.ಎನ್.ಎ.ಯನ್ನು ಅಲ್ಲಲ್ಲಿ ಕೆಡಿಸುತ್ತವೆ. ಕೆಟ್ಟುದನ್ನು ಸರಿಪಡಿಸುವ ಶಕ್ತಿ ಕೋಶಕ್ಕೆ ಇದೆ. ಅದರೊಡನೆ ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚಿಸಿಕೊಂಡು, ಮುಂದೆ ಬರುವ ಕಿರಣಗಳನ್ನು ತಡೆಯಲೂ ಚರ್ಮ ಯತ್ನಿಸುತ್ತದೆ. ಬಿಳಿಯರು ಚೆಲುವೆಂದು ಮೆಚ್ಚುವ ಕಂದುಬಣ್ಣ ಇದೇ. ಅಂದರೆ ಅದು ಆರೋಗ್ಯದ ಕಳೆಯಲ್ಲ, ಪೆಟ್ಟು ತಿಂದ ಚರ್ಮ ಎತ್ತಿ ಹಿಡಿದ ಗುರಾಣಿ. ಗುರಾಣಿಯೂ ಅಷ್ಟೇನೂ ಗಟ್ಟಿಯಾದುದಲ್ಲ. ಪೆಟ್ಟುಗಳು ವರ್ಷಾನುವರ್ಷ ಕೂಡುತ್ತ ಹೋದರೆ ಎಲ್ಲೋ ಒಂದು ಕೋಶದ ದುರಸ್ತಿ ತಪ್ಪಿ, ಅದು ಅಂಕೆಯಿಲ್ಲದೆ ಬೆಳೆಯತೊಡಗುತ್ತದೆ. ಚರ್ಮದ ಅರ್ಬುದಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವಂಥವು, ಕತ್ತರಿಸಿ ತೆಗೆದರೆ ಗುಣವಾಗುವಂಥವು. ಮೆಲನೋಮ ಎಂಬುದು ಮಾತ್ರ ಹಾಗಲ್ಲ. ಬೇಗ ಕಂಡುಹಿಡಿಯದಿದ್ದರೆ ಅದು ದೇಹದ ಒಳಗಡೆಗೆ ಹಬ್ಬಿ ಪ್ರಾಣವನ್ನೇ ತೆಗೆದೀತು.

ಯುರೋಪಿನಲ್ಲಿಯೂ ಒಂದು ಕಾಲಕ್ಕೆ ಬೆಳ್ಳನೆಯ ಮೈಯೇ ಸಿರಿವಂತಿಕೆಯ ಗುರುತು. ಬಿಸಿಲಿನಲ್ಲಿ ದುಡಿಯುವ ಒಕ್ಕಲಿನವನು ಮಾತ್ರ ಕಂದಾಗುತ್ತಿದ್ದ. ದುಡಿಯುವವರು ಕಾರ್ಖಾನೆಯ ಸೂರಿನಡಿ ಸೇರಿದ ಮೇಲೆ, ಸಮುದ್ರತೀರದಲ್ಲಿ ವಿರಾಮವಾಗಿ ಮಲಗಬಲ್ಲವನೇ ಸಿರಿವಂತನೆನಿಸಿದ. 1920ರ ದಶಕದಿಂದ ಕಂದುಬಣ್ಣ ಫ್ಯಾಷನ್ ಆಯಿತು. 1970ರ ದಶಕದ ಕೊನೆಯಲ್ಲಿ ನೇರಳಾತೀತ ದೀಪಗಳ ಹಾಸಿಗೆ, ಅಂದರೆ ಟ್ಯಾನಿಂಗ್ ಬೆಡ್, ಅಮೆರಿಕದ ಪೇಟೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2009ರಲ್ಲಿ ಈ ಹಾಸಿಗೆಗಳನ್ನು ತಂಬಾಕು ಇರುವ ಮೊದಲ ವರ್ಗಕ್ಕೇ ಸೇರಿಸಿತು: ಮಾನವನಲ್ಲಿ ಅರ್ಬುದವನ್ನು ಉಂಟುಮಾಡುತ್ತವೆಂದು ನಿಸ್ಸಂಶಯವಾಗಿ ತಿಳಿದ ವಸ್ತುಗಳ ವರ್ಗ ಅದು. ಬ್ರೆಜಿಲ್ ಅದೇ ವರ್ಷ ಅವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯ 2012ರಿಂದ ಹದಿನೆಂಟು ತುಂಬದವರಿಗೆ ನಿಷೇಧ ಹಾಕಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 2015ರಲ್ಲಿ 'ಜಾಮಾ ಡರ್ಮಟಾಲಜಿ' ಎಂಬ ವೈದ್ಯ ಪತ್ರಿಕೆಯಲ್ಲಿ, ಕ್ಯಾಲಿಫೋರ್ನಿಯದ ಮತ್ತು ಇಡೀ ಅಮೆರಿಕದ ಆರೋಗ್ಯ ಸಮೀಕ್ಷೆಗಳನ್ನು ಶೋಧಿಸಿ ಬರೆದ ಒಂದು ಪ್ರಬಂಧ ಪ್ರಕಟವಾಯಿತು. ಸಲಿಂಗಾನುರಾಗಿ ಮತ್ತು ಉಭಯಾನುರಾಗಿ ಪುರುಷರು ಇತರ ಪುರುಷರಿಗಿಂತ ಮೂರರಿಂದ ಆರು ಪಟ್ಟು ಹೆಚ್ಚಾಗಿ ಟ್ಯಾನಿಂಗ್ ಬೆಡ್ಡುಗಳನ್ನು ಬಳಸುತ್ತಿದ್ದರೆಂದೂ, ತಮಗೆ ಚರ್ಮದ ಅರ್ಬುದವಾಗಿತ್ತೆಂದು ಹೇಳಿದವರು ಅವರಲ್ಲಿ ಹೆಚ್ಚೆಂದೂ ಅದರಿಂದ ತಿಳಿಯಿತು. 2020ರಲ್ಲಿ ಇನ್ನೂ ದೊಡ್ಡ ಪ್ರಬಂಧವೊಂದು ಬಂದಿತು. 2014ರಿಂದ 2018ರವರೆಗೆ ದೂರವಾಣಿಯಲ್ಲಿ ಪ್ರಶ್ನಿಸಿದ ಎಂಟು ಲಕ್ಷಕ್ಕೂ ಮಿಕ್ಕ ಜನರ ಉತ್ತರಗಳು ಅದಕ್ಕೆ ಆಧಾರ. ಜೀವನದಲ್ಲಿ ಎಂದಾದರೂ ಚರ್ಮದ ಅರ್ಬುದವಾಗಿತ್ತೆಂದವರು ಸಲಿಂಗಾನುರಾಗಿ ಪುರುಷರಲ್ಲಿ ಶೇಕಡ 8.1, ಉಭಯಾನುರಾಗಿ ಪುರುಷರಲ್ಲಿ 8.4, ಇತರ ಪುರುಷರಲ್ಲಿ 6.7.

ಇಲ್ಲಿಗೇ ನಿಲ್ಲಿಸಿದರೆ "ಅವರ ಪ್ರಕೃತಿಯಲ್ಲಿಯೇ ಏನೋ ದೋಷವಿರಬೇಕು" ಎಂದು ತಲೆದೂಗುವವರು ಇದ್ದಾರೆ. ಅಂಥವರು ಅದೇ ಪ್ರಬಂಧದ ಮುಂದಿನ ಸಾಲುಗಳನ್ನು ಓದಬೇಕು. ಸಲಿಂಗಾನುರಾಗಿ ಸ್ತ್ರೀಯರಲ್ಲಿ ಈ ಪ್ರಮಾಣ ಶೇಕಡ 5.9, ಉಭಯಾನುರಾಗಿ ಸ್ತ್ರೀಯರಲ್ಲಿ 4.7, ಇತರ ಸ್ತ್ರೀಯರಲ್ಲಿ 6.6. ಅಂದರೆ ಸ್ತ್ರೀಯರಲ್ಲಿ ಅಲ್ಪಸಂಖ್ಯಾತರಿಗೇ ರೋಗ ಕಡಿಮೆ! ಅನುರಾಗದ ಸ್ವಭಾವವೇ ಅರ್ಬುದಕ್ಕೆ ಕಾರಣವಾಗಿದ್ದರೆ ಗಂಡಸರಿಗೊಂದು ನ್ಯಾಯ, ಹೆಂಗಸರಿಗೊಂದು ನ್ಯಾಯ ಹೇಗಾದೀತು? ಚರ್ಮಕ್ಕೆ ಯಾರು ಯಾರನ್ನು ಪ್ರೀತಿಸುತ್ತಾರೆಂಬುದು ತಿಳಿಯದು; ಎಷ್ಟು ಕಿರಣ ಬಿದ್ದಿತೆಂಬುದು ಮಾತ್ರ ತಿಳಿಯುತ್ತದೆ. ಆದ್ದರಿಂದ ಕಾರಣವನ್ನು ಅಭ್ಯಾಸದಲ್ಲಿಯೂ ಪರಿಸರದಲ್ಲಿಯೂ ಹುಡುಕಬೇಕು. ದೂರವಾಣಿಯ ಆ ಸಮೀಕ್ಷೆಯಲ್ಲಿ ಬಿಸಿಲಿನ ಅಥವಾ ದೀಪದ ಅಭ್ಯಾಸಗಳ ಪ್ರಶ್ನೆಯಿರಲಿಲ್ಲ, ಉತ್ತರಗಳೂ ಜನರ ಬಾಯಿಮಾತೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಪರಿಸರವೆಂದರೇನು? 2019ರಲ್ಲಿ ಅಮೆರಿಕದ ಹತ್ತು ದೊಡ್ಡ ನಗರಗಳ ನಕ್ಷೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಪುರುಷ ಜೋಡಿಗಳು ಹೆಚ್ಚಾಗಿ ವಾಸಿಸುವ ಬಡಾವಣೆಗಳ ಹತ್ತಿರ ಟ್ಯಾನಿಂಗ್ ಅಂಗಡಿ ಇರುವ ಸಂಭವ ಇತರ ಕಡೆಗಳಿಗಿಂತ ಎರಡು ಪಟ್ಟು ಎಂದು ಕಂಡುಬಂದಿತು. ಗಿರಾಕಿ ಇದ್ದಲ್ಲಿ ಅಂಗಡಿ ಬಂದಿತೋ, ಅಂಗಡಿ ಇದ್ದಲ್ಲಿ ಗಿರಾಕಿ ಹುಟ್ಟಿದನೋ ಎಂಬುದು ಬೀಜವೃಕ್ಷ ನ್ಯಾಯ. ಮನೆಯಲ್ಲಿಯೂ ಊರಿನಲ್ಲಿಯೂ ತಿರಸ್ಕಾರ ಉಂಡು ಬಂದ ತರುಣನೊಬ್ಬನಿಗೆ ತನ್ನಂಥವರ ನಡುವೆಯಾದರೂ ಮೆಚ್ಚುಗೆ ಬೇಕೆನಿಸುವುದು ಸಹಜ. ಅಲ್ಲಿ ಕಂದು ಮೈಯೇ ಮೆಚ್ಚುಗೆಯ ಬೆಲೆಯಾದರೆ ಅವನು ಅದನ್ನು ತೆರುತ್ತಾನೆ. ಇದನ್ನು ಚಪಲವೆಂದು ಹಳಿಯುವುದು ಸುಲಭ. ಮದುವೆಗೆ ಮುನ್ನ ಬಿಳುಪಿನ ಕ್ರೀಮು ಹಚ್ಚಿಸಿಕೊಳ್ಳುವ ನಮ್ಮ ನಾಡಿನವರು ಹಾಗೆ ಹಳಿಯುವ ಮೊದಲು ಕನ್ನಡಿ ನೋಡಿಕೊಳ್ಳುವುದು ಲೇಸು.

ವೈದ್ಯರ ಸಂಗತಿ ಇನ್ನೊಂದು. ಚರ್ಮದ ಅರ್ಬುದವನ್ನು ಕಂಡುಹಿಡಿಯಲು ಬಟ್ಟೆ ಕಳಚಿ ಮೈಯನ್ನೆಲ್ಲ ತೋರಿಸಬೇಕು. ತನ್ನ ಬಾಳಿನ ವಿಷಯವನ್ನು ಬಚ್ಚಿಟ್ಟುಕೊಂಡವನಿಗೆ, ಇಲ್ಲವೆ ಹೇಳಿ ಒಮ್ಮೆ ಅವಮಾನಪಟ್ಟವನಿಗೆ, ಆ ಮೇಜಿನ ಮೇಲೆ ಮಲಗುವುದು ಕಷ್ಟ. ಇದಕ್ಕೆ ಇತಿಹಾಸದ ಭಾರವೂ ಇದೆ. 1981ರ ಜುಲೈ 3ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯದ 26 ಮಂದಿ ಸಲಿಂಗಾನುರಾಗಿ ಪುರುಷರಲ್ಲಿ ಕಪೋಸಿ ಸಾರ್ಕೋಮ ಎಂಬ ಅಪರೂಪದ ಅರ್ಬುದ ಕಂಡುಬಂದುದನ್ನು ವರದಿ ಮಾಡಿತು. ಏಡ್ಸ್ ರೋಗದ ಮೊದಲ ಸುಳಿವುಗಳಲ್ಲಿ ಅದೊಂದು. ಚರ್ಮದ ಮೇಲೆ ಏಳುವ ನೇರಳೆ ಬಣ್ಣದ ಆ ಮಚ್ಚೆಗಳನ್ನು ಕಂಡು ಜನ ದೂರ ಸರಿದರು. ಅದು ಬಿಸಿಲಿನ ರೋಗವಲ್ಲ. ಅದಕ್ಕೆ ಕಾರಣವಾದ ವೈರಸ್ 1994ರಲ್ಲಿ ಪತ್ತೆಯಾಯಿತು. ಆದರೂ ಮೈಮೇಲಿನ ಮಚ್ಚೆ ಎಂದರೆ ಕಳಂಕ ಎಂಬ ಭಯ ಆ ಪೀಳಿಗೆಯವರಲ್ಲಿ ಬೇರೂರಿದ್ದರೆ ಆಶ್ಚರ್ಯವೇನು?

ಎಣಿಕೆಯ ಮಾತನ್ನೂ ಹೇಳಬೇಕು. ಮೇಲಿನ ದೂರವಾಣಿ ಸಮೀಕ್ಷೆಯಲ್ಲಿ ಅನುರಾಗದ ಬಗೆಗಿನ ಪ್ರಶ್ನೆ ಐಚ್ಛಿಕ ಭಾಗವಾಗಿ ಸೇರಿದ್ದು 2014ರಲ್ಲಿ. ಕೇಳಬೇಕೋ ಬಿಡಬೇಕೋ ಎಂಬುದು ಆಯಾ ರಾಜ್ಯದ ಇಷ್ಟ. ಕೇಳದಿದ್ದರೆ ಉತ್ತರವಿಲ್ಲ, ಉತ್ತರವಿಲ್ಲದಿದ್ದರೆ ಆ ಜನರ ರೋಗವೂ ಇಲ್ಲವೆಂಬಂತೆ ಆಗುತ್ತದೆ. ನಮ್ಮ ದೇಶದಲ್ಲಿ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಮೊದಲು ಇಂಥ ಪ್ರಶ್ನೆಗೆ ನಿಜ ಹೇಳುವುದೆಂದರೆ ತಪ್ಪೊಪ್ಪಿಗೆ ಬರೆದುಕೊಟ್ಟಂತೆ!

ಇನ್ನು ತಿಳಿದಿರಬೇಕಾದ ಲಕ್ಷಣಗಳು. ಮಚ್ಚೆಯ ಒಂದು ಅರ್ಧ ಇನ್ನೊಂದರ್ಧಕ್ಕೆ ಹೊಂದದಿರುವುದು, ಅಂಚು ಒರಟಾಗಿರುವುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, ಆರು ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ಎಲ್ಲಕ್ಕಿಂತ ಮುಖ್ಯವಾಗಿ ಬರಬರುತ್ತ ಬದಲಾಗುವಿಕೆ. ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಬಿಸಿಲಿಗೆ ಹೋಗುವ ಬಿಳಿಚರ್ಮದವರು ತೋಳು ಮುಚ್ಚುವ ಅಂಗಿ, ಅಗಲ ಅಂಚಿನ ಟೋಪಿ ಧರಿಸಿ, ಸನ್‌ಸ್ಕ್ರೀನ್ ಲೇಪವನ್ನು ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ.

ನಮ್ಮ ಮೈಯಲ್ಲಿ ಮೆಲನಿನ್ ಹೆಚ್ಚು, ನಮಗೆ ಈ ರೋಗ ಕಡಿಮೆ. ಆದರೆ ಕಪ್ಪು ಮೈಯವರಿಗೆ ಮೆಲನೋಮ ಬಂದಾಗ ಅದು ಹಲವೊಮ್ಮೆ ಬಿಸಿಲೇ ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ ಮೂಡುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಉಗುರಿನ ಅಡಿಯ ನೋವನ್ನು ಮೊದಲು ಕಾಲ್ಚೆಂಡಿನಾಟದ ಪೆಟ್ಟೆಂದೇ ಬಗೆದಿದ್ದರು. ಅದು ಮೆಲನೋಮವೆಂದು 1977ರಲ್ಲಿ ತಿಳಿಯಿತು. 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ನಮ್ಮಲ್ಲಿ ಅಂಗಾಲಿನ ಕಪ್ಪು ಕಲೆಯನ್ನು ಆಣಿಯೆಂದೋ ಮುರಿದ ಮುಳ್ಳೆಂದೋ ಬಿಟ್ಟುಬಿಡುವುದು ಸುಲಭ. ಸ್ನಾನ ಮಾಡುವಾಗ ಒಮ್ಮೆ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ.