ಕೀಟಗಳ ರೂಪಾಂತರವೂ ಮಾಗಿ ಉಳುಮೆಯೂ

ಪ್ರಪಂಚದಲ್ಲಿ ಈವರೆಗೆ ಹೆಸರಿಡಲ್ಪಟ್ಟಿರುವ ಕೀಟಜಾತಿಗಳು ಸುಮಾರು 10 ಲಕ್ಷ. ಬೇರೆ ಯಾವ ಪ್ರಾಣಿವರ್ಗದಲ್ಲಿಯೂ ಇಷ್ಟು ಜಾತಿಗಳಿಲ್ಲ. ಕೀಟಗಳು ಬೆಳೆಯುವ ಕ್ರಮವೇ ಇದಕ್ಕೆ ಒಂದು ಮುಖ್ಯ ಕಾರಣವೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ಆ ಕ್ರಮವನ್ನರಿತ ಗ್ರಾಮಕ್ಕೆ ಬೆಳೆಯನ್ನು ಕಾಯುವ ಕಾಲವೂ ತಿಳಿಯುತ್ತದೆ.

ಆದಿಕಾಲದ ಕೀಟಗಳ ಮರಿಗಳು ಬಹುಮಟ್ಟಿಗೆ ತಾಯಿಯ ರೂಪವನ್ನೇ ಹೋಲುತ್ತಿದ್ದವು. ಮಿಡತೆಗಳಲ್ಲಿ ಈ ಕ್ರಮವು ಇಂದಿಗೂ ಉಳಿದಿದೆ. ನಮ್ಮ ಸೀಮೆಯ ಜೋಳದ ಮಿಡತೆಯೇ ಇದಕ್ಕೆ ನಿದರ್ಶನ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಇದನ್ನು ವಿಶೇಷವಾಗಿ ಪರಿಶೀಲಿಸಿದರು. ಇದರ ಶಾಸ್ತ್ರೀಯ ನಾಮದಲ್ಲಿ ಅವರ ಹೆಸರು ಸೇರಿದೆ. ಈ ಮಿಡತೆಯ ಮರಿಯೂ ಬಲಿತದ್ದೂ ಒಂದೇ ಹೊಲದಲ್ಲಿ ಒಂದೇ ಪೈರನ್ನು ತಿನ್ನುವುದರಿಂದ, ಮೇವು ಕಡಮೆಯಾದಾಗ ಎರಡಕ್ಕೂ ಕೊರತೆಯಾಗುವುದು.

30 ಕೋಟಿ ವರ್ಷಗಳಿಗೂ ಹಿಂದೆ ಕೆಲವು ಕೀಟಗಳಲ್ಲಿ ಬೇರೊಂದು ಕ್ರಮವು ಉಂಟಾಯಿತು. ಮೊಟ್ಟೆ, ಹುಳು, ಕೋಶ, ರೆಕ್ಕೆಯ ಕೀಟ ಎಂಬ ನಾಲ್ಕು ಅವಸ್ಥೆಗಳು ಇದರಲ್ಲಿವೆ. ತಿಂದು ಬೆಳೆಯುವುದು ಹುಳುವಿನ ಕೆಲಸ. ದೂರಕ್ಕೆ ಹಾರಿ ಸಂತಾನವನ್ನು ಹರಡುವುದು ರೆಕ್ಕೆಯ ಕೀಟದ ಕೆಲಸ. ಹೀಗೆ ಒಂದಕ್ಕೊಂದು ಅಡ್ಡಿಯಾಗದೆ ಎಲೆ, ಕಾಂಡ, ಹಣ್ಣು, ಗೊಬ್ಬರ ಮೊದಲಾದ ಹೊಸ ಹೊಸ ನೆಲೆಗಳಿಗೆ ಇವು ಹೊಂದಿಕೊಂಡು, ಜಾತಿಗಳಾಗಿ ಕವಲೊಡೆದವು. ದುಂಬಿ, ಪತಂಗ, ನೊಣ, ಜೇನು, ಇರುವೆಗಳೆಲ್ಲ ಈ ಗುಂಪಿಗೆ ಸೇರಿದವು. ಹೆಸರಿಡಲ್ಪಟ್ಟಿರುವ ಕೀಟಜಾತಿಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಇವೇ.

ಕಡಲೆಕಾಯಿಯ ಕೆಂಪು ಕಂಬಳಿಹುಳುವೂ ಈ ಬಗೆಯದು. ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದೊಡನೆ ಇದರ ಪತಂಗಗಳು ನೆಲದಿಂದ ಹೊರಟು, ಎಲೆಗಳ ಕೆಳಮೈಯಲ್ಲಿ ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಹುಳುಗಳು ಬಲಿತ ಮೇಲೆ ಒಂದು ಹೊಲವನ್ನು ಬೋಳುಮಾಡಿ ಮತ್ತೊಂದಕ್ಕೆ ದಂಡಾಗಿ ನಡೆಯುತ್ತವೆ. ಬಳಿಕ ಮಣ್ಣನ್ನು ಹೊಕ್ಕು ಕೋಶಗಳಾಗಿ, ಸಾಮಾನ್ಯವಾಗಿ ಮುಂದಿನ ವರ್ಷದ ಮಳೆಯವರೆಗೆ ಅಲ್ಲಿಯೇ ಇರುತ್ತವೆ. ಜೋಳದ ಮಿಡತೆಯೋ ಇದೇ ಬೇಸಗೆಯನ್ನು ಮಣ್ಣಿನೊಳಗೆ ಮೊಟ್ಟೆಯ ರೂಪದಲ್ಲಿ ಕಳೆಯುತ್ತದೆ.

ಬೆಳೆಯುವ ಕ್ರಮ ಬೇರೆಯಾದರೂ ಎರಡು ಶತ್ರುಗಳೂ ಬೇಸಗೆಯಲ್ಲಿ ಕದಲಲಾರದೆ ನೆಲದಲ್ಲಿರುತ್ತವೆ. ಆಗ ಆಳವಾಗಿ ಮಾಗಿ ಉಳುಮೆ ಮಾಡಿದರೆ ಮೊಟ್ಟೆಗಳೂ ಕೋಶಗಳೂ ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುವುವು. ಮೊದಲ ಮಳೆಯ ನಂತರ ರಾತ್ರಿ ದೀಪವಿಟ್ಟು ಪತಂಗಗಳನ್ನು ಸೆಳೆದು ಕೊಲ್ಲತಕ್ಕದ್ದು; ಮೊಟ್ಟೆಯ ಗುಂಪುಗಳಿರುವ ಎಲೆಗಳನ್ನು ಕಿತ್ತು ನಾಶಮಾಡತಕ್ಕದ್ದು. ಆದರೆ ಒಬ್ಬನು ಉತ್ತು ನೆರೆಯವನು ಸುಮ್ಮನಿದ್ದರೆ ಹುಳುವಿನ ದಂಡು ಬದುವನ್ನು ದಾಟಿ ಬಾರದಿರದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಮಳೆಗೆ ಮುಂಚೆಯೇ ಕಲೆತು, ಊರಿನ ಹೊಲಗಳೆಲ್ಲ ಒಂದೇ ಕಾಲದಲ್ಲಿ ಉಳುಮೆಯಾಗುವಂತೆ ಏರ್ಪಡಿಸುವುದು ಅತ್ಯಾವಶ್ಯಕ.